ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್? ಮೂರು ವರ್ಷ ಬಳಸಿದ ಕ್ಯಾನಿಸ್ಟರ್ ಫಿಲ್ಟರ್

ಈ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ನೀರನ್ನು ಪೈಪಿನಲ್ಲಿ ಎಳೆದು ಸೋಸಿ ವಾಪಸ್ ಕಳಿಸುವ ಮುಚ್ಚಿದ ಡಬ್ಬಿ, ನಮ್ಮ ಮೀನಿನ ಟ್ಯಾಂಕಿನ ಕೆಳಗೆ ಕೂತು ಮೂರು ವರ್ಷ ದಾಟಿತು. ಟ್ಯಾಂಕ್ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಲೆಕ್ಕಕ್ಕೆ 182 ಲೀಟರ್. ತಳದ ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನಿಜವಾಗಿ ಇರುವ ನೀರು 150 ಲೀಟರ್ ಆಸುಪಾಸು. ಅದರಲ್ಲಿ ಮೂರು ಒರಾಂಡಾ ಗೋಲ್ಡ್‌ಫಿಶ್ ಇವೆ. ಸಾಕಿದವರಿಗೆ ಗೊತ್ತು, ಇವು ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ. ಫಿಲ್ಟರ್‌ನ ಶಕ್ತಿ ನೋಡಬೇಕಾದರೆ ಇಂಥ ಮೀನೇ ಸರಿ.

ಮೊದಲು ನನ್ನ ಹತ್ತಿರ ಇದ್ದದ್ದು ಟ್ಯಾಂಕಿನ ಅಂಚಿಗೆ ನೇತುಹಾಕುವ ಫಿಲ್ಟರ್. ತಿಂಗಳಿಗೊಮ್ಮೆ ಕಾರ್ಟ್ರಿಜ್ (ಒಳಗಿನ ಸೋಸುವ ತುಂಡು) ಬದಲಿಸಿ ಅಂತ ಡಬ್ಬಿಯ ಮೇಲೆ ಬರೆದಿತ್ತು. ನಾನು ಹಾಗೇ ಮಾಡಿದೆ. ಹಳೆಯದನ್ನು ಬಿಸಾಡಿ ಹೊಸದು ಹಾಕಿದೆ, ಅದೇ ದಿನ ಮರಳನ್ನೂ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದೆ. ಮೂರನೇ ದಿನ ಬೆಳಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ನೋಡಿದೆ. ಸೊನ್ನೆ ಇದ್ದರೆ ಹಳದಿ ಬಣ್ಣ ಬರಬೇಕು. ನನಗೆ ಬಂದದ್ದು ಕಡು ಹಸಿರು. ತಕ್ಷಣ ಅರ್ಧ ನೀರು ಬದಲಿಸಿದೆ, ಸಂಜೆ ಮತ್ತೆ ಬದಲಿಸಿದೆ. ಆದರೂ ಎಲ್ಲಕ್ಕಿಂತ ಹಳೆಯ ಮೀನು, ತಲೆ ಮಾತ್ರ ಕೆಂಪಗಿದ್ದ ಬಿಳಿ ಒರಾಂಡಾ, ಉಳಿಯಲಿಲ್ಲ. ಅವತ್ತು ನೀರು ಗಾಜಿನಷ್ಟು ತಿಳಿಯಾಗಿತ್ತು. ಇದನ್ನು ನಾನು ಮರೆತಿಲ್ಲ.

ಆಗಿದ್ದು ಇಷ್ಟೇ. ಮೀನು ಬಿಡುವ ಅಮೋನಿಯಾದ ಬಹುಪಾಲು ಕಿವಿರಿನಿಂದಲೇ ಹೊರಗೆ ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಫಿಲ್ಟರ್ ಒಳಗಿನ ಸ್ಪಾಂಜ್ ಮತ್ತು ಸಣ್ಣ ಸೆರಾಮಿಕ್ ರಿಂಗ್‌ಗಳ ಮೇಲೆ ಲೋಳೆಯ ಹಾಗೆ ಹಿಡಿದುಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯವಲ್ಲ, ವಾರವಾರ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಎರಡನೇ ಕೆಲಸ ನೈಟ್ರೋಬ್ಯಾಕ್ಟರ್‌ದು ಅಂತ ಬಹಳ ಕಾಲ ನಂಬಿದ್ದರು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಥರದವು ಅಂತ 1998ರ ಒಂದು ಅಧ್ಯಯನ ತೋರಿಸಿತು. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಕೊಳ್ಳುವವರು ಈ ಹೆಸರು ಚೀಟಿಯಲ್ಲಿ ಇದೆಯಾ ಅಂತ ನೋಡುವುದು ಒಳ್ಳೆಯದು. ಇವು ಬೆಳೆಯೋದು ನಿಧಾನ. ಒಂದು ಎರಡಾಗಲು ಅರ್ಧ ದಿನವೋ ಒಂದು ದಿನವೋ ಬೇಕು. ಕಾರ್ಟ್ರಿಜ್ ಬಿಸಾಡಿದಾಗ ನಾನು ಬಿಸಾಡಿದ್ದು ಈ ವಾರಗಟ್ಟಲೆಯ ಬೆಳೆಯನ್ನು. ಉಳಿದದ್ದನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು.

ಹಾಗಾಗಿ ಹೊಸ ಫಿಲ್ಟರ್ ಹುಡುಕುವಾಗ ನಾನು ನೋಡಿದ್ದು ಎರಡೇ: ಒಳಗೆ ಎಷ್ಟು ಜಾಗ ಇದೆ, ಬಿಚ್ಚಿ ಮತ್ತೆ ಮುಚ್ಚೋದು ಎಷ್ಟು ಸುಲಭ. ನೀರೊಳಗೆ ಮುಳುಗುವ ಇಂಟರ್ನಲ್ ಫಿಲ್ಟರ್‌ನಲ್ಲಿ ಜಾಗ ಸಾಲದು. ಏರ್ ಪಂಪ್‌ನ ಗಾಳಿಯಿಂದ ನೀರೆಳೆಯುವ ಸ್ಪಾಂಜ್ ಫಿಲ್ಟರ್ ನನಗೆ ತುಂಬಾ ಇಷ್ಟ, ಆದರೆ ಮೂರು ಒರಾಂಡಾದ ಹಿಕ್ಕೆ ಎಳೆಯುವ ಶಕ್ತಿ ಅದಕ್ಕಿಲ್ಲ. ಕೊನೆಗೆ ಮೂರು ಬುಟ್ಟಿಯ ಕ್ಯಾನಿಸ್ಟರ್ ತಂದೆ.

ಪೆಟ್ಟಿಗೆಯ ಮೇಲೆ ಗಂಟೆಗೆ 1000 ಲೀಟರ್ ಅಂತಿದೆ. ಈ ಅಂಕಿ ಸಾಮಾನ್ಯವಾಗಿ ಒಳಗೆ ಏನೂ ತುಂಬದೆ ಅಳೆದದ್ದು. ಎಲ್ಲ ತುಂಬಿ, ಪೈಪ್ ಜೋಡಿಸಿದ ಮೇಲೆ ನಾನೇ ಅಳೆದೆ. ಟ್ಯಾಂಕಿನ ಅಂಚಿನ ಮಟ್ಟಕ್ಕೆ 10 ಲೀಟರ್ ಬಕೆಟ್ ಎತ್ತಿಟ್ಟು ಹೊರಬರುವ ಪೈಪನ್ನು ಅದರೊಳಗೆ ಬಿಟ್ಟೆ. ತುಂಬಲು 58 ಸೆಕೆಂಡ್ ಹಿಡಿಯಿತು. ಅಂದರೆ ಗಂಟೆಗೆ 620 ಲೀಟರ್. ಬಕೆಟ್ ನೆಲದ ಮೇಲಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ, ನೀರು ಕೆಳಗೆ ಜೋರಾಗಿ ಬೀಳುತ್ತದೆ ಅಲ್ವಾ. ಟ್ಯಾಂಕಿನ ನೀರು ಗಂಟೆಗೆ ನಾಲ್ಕು ಸಲ ಸುತ್ತಿದ ಹಾಗಾಯಿತು. ನನಗೆ ಅಷ್ಟು ಸಾಕು. ಆದರೆ ಟ್ಯಾಂಕಿಗೆ ತಕ್ಕದ್ದು ಕೊಳ್ಳುವಾಗ ಪೆಟ್ಟಿಗೆಯ ಅಂಕಿಯಲ್ಲಿ ಮೂರನೇ ಒಂದು ಪಾಲನ್ನು ಕಳೆದೇ ನೋಡಿ.

ಜೋಡಣೆ ಹೀಗಿದೆ. ನೀರು ಮೊದಲು ಹೋಗುವ ಬುಟ್ಟಿಯಲ್ಲಿ ದೊಡ್ಡ ರಂಧ್ರದ ಸ್ಪಾಂಜ್, ಅದರ ಮೇಲೆ ಸಣ್ಣ ರಂಧ್ರದ್ದು. ಉಳಿದ ಎರಡು ಬುಟ್ಟಿಗೂ ಸೆರಾಮಿಕ್ ರಿಂಗ್. ಜೊತೆಗೆ ಬಂದ ಕಾರ್ಬನ್ ಚೀಲ ತೆಗೆದಿಟ್ಟೆ. ಔಷಧಿಯ ಬಣ್ಣ, ವಾಸನೆ ತೆಗೆಯಲು ಅದು ಬೇಕಾಗುತ್ತದೆ, ದಿನಾ ಬೇಕಿಲ್ಲ. ಕೆಲವು ವಾರಕ್ಕೆ ಅದರ ಹೀರುವ ಗುಣವೂ ಮುಗಿಯುತ್ತದೆ. ಔಷಧಿ ಹಾಕುವಾಗ ಅದು ಒಳಗಿದ್ದರೆ ಔಷಧಿಯನ್ನೇ ಹೀರಿಬಿಡುತ್ತದೆ.

ಮೊದಲ ದಿನ ಮೀನುಗಳು ನೀರಿನ ರಭಸಕ್ಕೆ ಮೂಲೆ ಸೇರಿದ್ದವು. ಗುಂಡು ಮೈ, ಉದ್ದ ರೆಕ್ಕೆ, ಪಾಪ ಈಜೋಕೇ ಆಗುತ್ತಿರಲಿಲ್ಲ. ತೂತುಗಳಿರುವ ಉದ್ದ ಪೈಪನ್ನು ಹಿಂದಿನ ಗಾಜಿನ ಕಡೆ ತಿರುಗಿಸಿದೆ. ನೀರು ಗಾಜಿಗೆ ಬಡಿದು ಹರಡಿಕೊಂಡಿತು, ಮೇಲ್ಮೈ ಮಾತ್ರ ಸಣ್ಣಗೆ ಅಲುಗತೊಡಗಿತು. ಗಾಳಿ ಬೆರೆಯಲು ಆ ಅಲುಗಾಟ ಬೇಕು. ಹತ್ತು ನಿಮಿಷದಲ್ಲಿ ಮೂರೂ ಮಧ್ಯಕ್ಕೆ ಬಂದವು.

ಹಳೆಯ ಫಿಲ್ಟರನ್ನು ಆರು ವಾರ ತೆಗೆಯಲಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಿದೆ. ಹೊಸ ರಿಂಗ್‌ಗಳ ಮೇಲೆ ಬ್ಯಾಕ್ಟೀರಿಯಾ ಬೇರೂರಲು ಅಷ್ಟು ಸಮಯ ಬೇಕು. ಆಮೇಲೂ ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ನೋಡುತ್ತಿದ್ದೆ. ಎರಡೂ ಸೊನ್ನೆಯಲ್ಲೇ ನಿಂತವು.

ಈಗ ತೊಳೆಯುವ ವಿಷಯ. ಮೊದಲ ವರ್ಷ ಒಮ್ಮೆ ನಾಲ್ಕು ತಿಂಗಳು ಬಿಚ್ಚದೆ ಬಿಟ್ಟೆ. ನೀರು ತಿಳಿಯಾಗಿಯೇ ಇತ್ತು. ಬಕೆಟ್ ಇಟ್ಟು ನೋಡಿದರೆ 97 ಸೆಕೆಂಡ್! ಬುಟ್ಟಿಗಳನ್ನು ತೊಳೆದೆ, 80ಕ್ಕೆ ಇಳಿಯಿತು. ಇನ್ನೂ ಏನೋ ಅಡ್ಡ ಇದೆ ಅಂತ ಪೈಪ್ ಬಿಚ್ಚಿ ಉದ್ದ ಬ್ರಷ್ ಹಾಕಿ ಎಳೆದೆ. ಕಂದು ಲೋಳೆ ಹಗ್ಗದ ಹಾಗೆ ಈಚೆ ಬಂತು. ಇಂಪೆಲ್ಲರ್ (ನೀರು ತಳ್ಳುವ ಸಣ್ಣ ಚಕ್ರ) ತೆಗೆದರೆ ಅದರ ಸುತ್ತ ಒಂದು ಕೂದಲು, ಸ್ವಲ್ಪ ಲೋಳೆ. ಎಲ್ಲ ಒರೆಸಿ ಹಾಕಿದ ಮೇಲೆ 60 ಸೆಕೆಂಡ್. ಜನ ಸ್ಪಾಂಜನ್ನು ಮಾತ್ರ ತೊಳೆದು ಮೋಟಾರ್ ಸೊರಗಿತು ಅಂತಾರೆ. ಪೈಪ್ ನೋಡಿ ಅಂತ ನನ್ನ ಮಾತು.

ಈಗ ಎರಡು ತಿಂಗಳಿಗೊಮ್ಮೆ ಬಿಚ್ಚುತ್ತೇನೆ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್‌ಗೆ ಹಾಕಿ ಅದರಲ್ಲಿ ಸ್ಪಾಂಜ್ ಹಿಂಡುತ್ತೇನೆ. ಗಸಿ ಹೋದರೆ ಸಾಕು, ಹೊಸದರ ಹಾಗೆ ಹೊಳೆಯಬೇಕಿಲ್ಲ. ರಿಂಗ್‌ಗಳನ್ನು ಆ ನೀರಲ್ಲಿ ಎರಡು ಸಲ ಅಲುಗಾಡಿಸಿ ಎತ್ತಿಬಿಡುತ್ತೇನೆ. ಎರಡನ್ನೂ ಒಂದೇ ದಿನ ಮುಟ್ಟೋದಿಲ್ಲ. ರಿಂಗ್ ಸರದಿ ಆರು ತಿಂಗಳಿಗೊಮ್ಮೆ.

ತೊಂದರೆ ಇಲ್ಲ ಅಂತಲ್ಲ. ಎರಡನೇ ವರ್ಷ ಮುಚ್ಚಳದ ಸುತ್ತ ಹನಿ ಹನಿ ಜಿನುಗತೊಡಗಿತು. ಮುಚ್ಚಳದ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಣಗಿ ಒಂದು ಕಡೆ ಚಪ್ಪಟೆಯಾಗಿತ್ತು, ತಳದಲ್ಲಿ ಒಂದು ಮರಳಿನ ಕಾಳೂ ಕೂತಿತ್ತು. ಹೊಸದು ಹಾಕಿದೆ. ಪ್ರತಿ ಸಲ ಮುಚ್ಚುವ ಮೊದಲು ಅದಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಆಮೇಲೆ ಒಂದು ಹನಿಯೂ ಬಂದಿಲ್ಲ. ಮುಚ್ಚಳದ ಒಂದು ಕ್ಲಿಪ್ ಮಾತ್ರ ಸಡಿಲ, ಪ್ಲಾಸ್ಟಿಕ್ ಗಟ್ಟಿ ಇಲ್ಲ. ಇದು ನಿಜವಾದ ಕೊರತೆ. ವೈರನ್ನು ಪ್ಲಗ್‌ಗಿಂತ ಕೆಳಗೆ ಇಳಿದು ಮೇಲೇರುವ ಹಾಗೆ ಬಿಟ್ಟಿದ್ದೇನೆ, ಹನಿ ಜಾರಿದರೂ ಪ್ಲಗ್ ಒಳಗೆ ಹೋಗಬಾರದು ಅಂತ. ಇದನ್ನು ದಯವಿಟ್ಟು ಎಲ್ಲರೂ ಮಾಡಿ.

ಕರೆಂಟ್ ಹೋದಾಗ ಕ್ಯಾನಿಸ್ಟರ್‌ಗೆ ಹೆಚ್ಚು ಕಷ್ಟ. ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಕೆಲವೇ ಗಂಟೆಗೆ ಮುಗಿಯುತ್ತದೆ, ಬ್ಯಾಕ್ಟೀರಿಯಾದ ಕೆಲಸ ನಿಲ್ಲುತ್ತದೆ. ಒಮ್ಮೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಸುಮ್ನೆ ಸ್ವಿಚ್ ಹಾಕಿದ್ದರೆ ಆ ಕೆಟ್ಟ ನೀರೆಲ್ಲ ಟ್ಯಾಂಕಿಗೇ ಹೋಗುತ್ತಿತ್ತು. ಡಬ್ಬಿ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ಆ ನೀರು ಚೆಲ್ಲಿ, ಎಲ್ಲವನ್ನೂ ಟ್ಯಾಂಕಿನ ನೀರಲ್ಲಿ ಅದ್ದಿ ತೆಗೆದು ಆಮೇಲೆ ಶುರು ಮಾಡಿದೆ. ಅಂದಿನಿಂದ ಮೂಲೆಯಲ್ಲಿ ಒಂದು ಸಣ್ಣ ಸ್ಪಾಂಜ್ ಫಿಲ್ಟರ್ ಕೂಡ ಓಡುತ್ತಿದೆ. ಅದರ ಏರ್ ಪಂಪ್ ಬ್ಯಾಟರಿಯಲ್ಲೂ ನಡೆಯುತ್ತದೆ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳವೆಗೆ ಚೆಕ್ ವಾಲ್ವ್ ಹಾಕಲೇಬೇಕು, ಇಲ್ಲದಿದ್ದರೆ ಪಂಪ್ ನಿಂತಾಗ ನೀರು ಹಿಂದಕ್ಕೆ ಹರಿದು ಬರುತ್ತದೆ.

ನಿಮ್ಮ ಟ್ಯಾಂಕ್ 50-60 ಲೀಟರ್ ಒಳಗೆ, ಮೀನೂ ಸಣ್ಣವು ಅಂತಾದರೆ ಕ್ಯಾನಿಸ್ಟರ್ ಬೇಡ. ಆ ಸ್ಪಾಂಜ್ ಫಿಲ್ಟರ್ ಒಂದೇ ಸಾಕು. ಕಳೆದ ತಿಂಗಳು ನನ್ನ ತಮ್ಮ ಅಂಥದೇ ಟ್ಯಾಂಕ್ ಇಟ್ಟ. ನನ್ನ ಮೂಲೆಯ ಸ್ಪಾಂಜನ್ನು ಒಣಗದ ಹಾಗೆ ಟ್ಯಾಂಕಿನ ನೀರಿನ ಜೊತೆಗೇ ಚೀಲದಲ್ಲಿ ಕಟ್ಟಿ ಕೊಟ್ಟೆ. ಮೀನು ಬಿಟ್ಟ ಮೊದಲ ವಾರವೆಲ್ಲ ಅವನ ಟೆಸ್ಟ್ ಹಳದಿಯಲ್ಲೇ ಇತ್ತು. ನನ್ನ ಮೂಲೆಗೆ ಹೊಸ ಸ್ಪಾಂಜ್ ಹಾಕಿದ್ದೇನೆ. ಮುಟ್ಟಿದರೆ ಬೆರಳಿಗೆ ಇನ್ನೂ ಒರಟಾಗಿದೆ, ಲೋಳೆ ಹಿಡಿಯಲು ಇನ್ನೂ ಎರಡು ವಾರ ಬೇಕು.