ಬೇಸ್‌ಬಾಲ್ ಸೀಸನ್ ಅಂದಾಜು: ರನ್ ಲೆಕ್ಕವೋ, ಆಟಗಾರರ ಲೆಕ್ಕವೋ?

ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ತಂಡವೊಂದು ಮುಂದಿನ ಸೀಸನ್ನಿನ 162 ಪಂದ್ಯಗಳಲ್ಲಿ ಎಷ್ಟು ಗೆದ್ದೀತು ಎಂದು ಅಳೆಯಲು ಮುಖ್ಯವಾಗಿ ಎರಡು ದಾರಿ.

ಸುಲಭದ್ದು ಬೇಸ್‌ಬಾಲ್ ಅಂಕಿಅಂಶ ವಿಶ್ಲೇಷಕ ಬಿಲ್ ಜೇಮ್ಸ್ ಅವರ ಪೈಥಾಗೊರಿಯನ್ ಸೂತ್ರ. ತಂಡ ಹಿಂದಿನ ಸೀಸನ್ನಿನಲ್ಲಿ ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ, 162ರಿಂದ ಗುಣಿಸಿ. 2023ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೆಸ್ 752 ಹೊಡೆದು 648 ಬಿಟ್ಟುಕೊಟ್ಟಿತು. ಸೂತ್ರದ ಪ್ರಕಾರ 93 ಗೆಲುವು; ಸಿಕ್ಕಿದ್ದು 82. ಒಂದು ರನ್ ಅಂತರದ ಪಂದ್ಯಗಳಲ್ಲಿ 9 ಗೆದ್ದು 23 ಸೋತಿತ್ತು. ಅಂಥ ದುರದೃಷ್ಟ ಮರುವರ್ಷವೂ ಬೆನ್ನುಹತ್ತುವುದು ಅಪರೂಪ. 2024ರಲ್ಲಿ ಗೆದ್ದದ್ದು 93! ಹಾಗಂತ ಸೂತ್ರಕ್ಕೆ ಪೂರ್ತಿ ಅಂಕ ಕೊಡಬೇಡಿ: ನಡುವೆ ಪಾಡ್ರೆಸ್‌ನ ತಾರಾ ಬ್ಯಾಟರ್ ಹುವಾನ್ ಸೋಟೊ ನ್ಯೂಯಾರ್ಕ್ ಯಾಂಕೀಸ್ ತಂಡದ ಪಾಲಾದದ್ದು ಅದಕ್ಕೆ ಗೊತ್ತೇ ಇರಲಿಲ್ಲ.

ಆ ಕೊರತೆ ತುಂಬುವುದು ಜಿಪ್ಸ್, ಪೆಕೋಟಾದಂಥ ಆಟಗಾರವಾರು ಮಾದರಿಗಳು. ಹಿಂದಿನ ಕೆಲವು ವರ್ಷಗಳ ಆಟ ನೋಡುತ್ತವೆ, ಇತ್ತೀಚಿನದಕ್ಕೆ ಹೆಚ್ಚು ತೂಕ, ಜೊತೆಗೆ ವಯಸ್ಸು. ಇವು ಎಡವುವುದು ಯಾರು ಎಷ್ಟು ಆಡುತ್ತಾರೆ ಎಂಬಲ್ಲಿ: ಪಿಚರ್ (ಚೆಂಡೆಸೆಯುವವ) ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರೆ ಅವನ ಹೆಸರಿಗೆ ಬರೆದ 180 ಇನ್ನಿಂಗ್ಸ್ ನೀರುಪಾಲು. ಸುಮಾರು 10 ರನ್ನಿಗೆ ಒಂದು ಗೆಲುವು ಎಂಬ ಲೆಕ್ಕದಲ್ಲಿ, ಬದಲಿಗ 20 ರನ್ ಹೆಚ್ಚು ಕೊಟ್ಟರೆ ಸುಮಾರು 2 ಗೆಲುವು ಕಳೆಯಿರಿ.

ಸೀಸನ್ ಮುಗಿದ ನವೆಂಬರ್‌ನಲ್ಲಿ ಸೂತ್ರ ಸಾಕು. ಹೊಸ ಸೀಸನ್ ಶುರುವಾಗುವ ಮಾರ್ಚ್ ಕೊನೆಗೆ, ಗಾಯಾಳುಗಳ ಪಟ್ಟಿ ಕೈಯಲ್ಲಿಟ್ಟುಕೊಂಡು, ಆಟಗಾರರ ಲೆಕ್ಕವೇ ವಾಸಿ.