ಕಟ್ಟಡದೊಳಗಿನ ಆಟಕ್ಕೆ ಯಾವುದು ಸರಿ: ಜಿಪಿಎಸ್, ಇನ್‌ಸ್ಟಾಗ್ರಾಂ ಅಥವಾ ಟೆಲಿಗ್ರಾಂ ಬಾಟ್?

ಮಡಿಕೇರಿಯ ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಕಟ್ಟಡದ ಪರಿಚಯವಾಗಲೆಂದು, ತಂಡಗಳು ಗ್ರಂಥಾಲಯ, ಪ್ರಯೋಗಾಲಯ, ಎನ್‌ಸಿಸಿ ಕೊಠಡಿಗಳನ್ನು ಹುಡುಕಿ ಫೋಟೊ ಹಂಚಿಕೊಳ್ಳುವ ಆಟವೊಂದನ್ನು ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೇರೆ ಬೇರೆ ವಿಧಾನಗಳನ್ನು ಆಡಿಸಿ ನೋಡಿದ ಮೇಲೆ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಮತ್ತು ಅದನ್ನು ಸ್ಕ್ಯಾನ್ ಮಾಡಿದಾಗ ತೆರೆದುಕೊಂಡು ತಾನಾಗಿಯೇ ಉತ್ತರಿಸುವ ಟೆಲಿಗ್ರಾಂ ಬಾಟ್ (ಚಾಟ್ ನಡೆಸುವ ಪ್ರೋಗ್ರಾಂ) ಇವೆರಡರ ಜೋಡಿಯೇ ನನಗೆ ಮೆಚ್ಚುಗೆಯಾಗಿದೆ.

ಜಿಪಿಎಸ್ ನಂಬಿದ ಚೆಕ್-ಇನ್ ಆಟ, ಅಂದರೆ ಜಾಗ ತಲುಪಿದ್ದನ್ನು ಫೋನೇ ಗುರುತಿಸುವ ಆಟ, ಬಯಲಿಗೆ ಮಾತ್ರ. ತೆರೆದ ಆಕಾಶದಡಿ ಸುಮಾರು 5 ಮೀಟರ್ ನಿಖರತೆ ಕೊಡುವ ಫೋನು, ಕಾಂಕ್ರೀಟ್ ಛಾವಣಿಯಡಿ ಉಪಗ್ರಹದ ಸಂಕೇತ ಕ್ಷೀಣಿಸಿದೊಡನೆ ನಮ್ಮನ್ನು ಎದುರಿನ ರಸ್ತೆಯಲ್ಲಿ ನಿಲ್ಲಿಸಿತು. ಮಹಡಿಗಳ ವ್ಯತ್ಯಾಸವಂತೂ ಅದಕ್ಕೆ ತಿಳಿಯಲೇ ಇಲ್ಲ. ಹತ್ತಿರದ ಫೋನಿಗೆ ಸಂಕೇತ ಕಳಿಸುವ ಪುಟ್ಟ ಸಾಧನಗಳಾದ ಬ್ಲೂಟೂತ್ ಬೀಕನ್‌ಗಳನ್ನು ಕೊಠಡಿಗೊಂದರಂತೆ ಕೊಳ್ಳುವಷ್ಟು ಹಣ ನಮ್ಮಲ್ಲಿರಲಿಲ್ಲ.

ಉತ್ಸಾಹದಲ್ಲಿ ಇನ್‌ಸ್ಟಾಗ್ರಾಂ ಹ್ಯಾಷ್‌ಟ್ಯಾಗನ್ನು ಮೀರಿಸುವುದು ಕಷ್ಟ. ಆದರೆ ಖಾತೆಯನ್ನು ಪ್ರೈವೇಟ್ ಮಾಡಿಕೊಂಡವರ ಪೋಸ್ಟು ಅವರ ಹಿಂಬಾಲಕರಿಗಷ್ಟೇ ಕಾಣುತ್ತದೆ, ಸ್ಟೋರಿ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಅಂಕ ಹಾಕುವವರಿಗೆ ಇದು ತಲೆನೋವು. ಆಟಕ್ಕಾಗಿ ಖಾತೆಯನ್ನು ಎಲ್ಲರಿಗೂ ತೆರೆಯಿರೆಂದು ಹುಡುಗಿಯರಿಗೆ ಹೇಳುವುದೂ ನನಗೆ ಸರಿಕಾಣಲಿಲ್ಲ.

ನನ್ನ ಮೆಚ್ಚಿನ ಜೋಡಿಯಲ್ಲೂ ಒಂದು ತೊಡಕಿದೆ, ಅದು ಚಿಕ್ಕದಲ್ಲ. ಮೊದಲು ಮುಟ್ಟಿದ ತಂಡದಲ್ಲಿ ಯಾರೋ ಒಬ್ಬರು ಕೋಡಿನ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಆಮೇಲೆ ಉಳಿದವರು ಕ್ಯಾಂಟೀನಿನ ಬೆಂಚಿನಲ್ಲೇ ಕುಳಿತು, ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡುತ್ತಾ, ಮೆಟ್ಟಿಲು ಹತ್ತದೆಯೇ ಎರಡನೇ ಮಹಡಿಯ ಅಂಕಗಳನ್ನು ಗಳಿಸುತ್ತಾರೆ. ಹಂಚಿಕೊಳ್ಳುವುದೇ ಆಟವಾಗಿರುವಾಗ ಹಂಚಿಕೊಳ್ಳಬೇಡಿ ಎಂದು ನಿಯಮ ಬರೆಯುವಂತಿರಲಿಲ್ಲ.

ಇದಕ್ಕಾಗಿ ತಂಡಕ್ಕೊಂದು ಬೇರೆ ಹಾದಿ ಕೊಟ್ಟು, ಸರದಿ ಬಾರದ ಕೋಡನ್ನು ಬಾಟ್ ತಿರಸ್ಕರಿಸುವಂತೆ ಮಾಡಿದೆ. ಸ್ಥಳದ ಗುರುತನ್ನು ಲಿಂಕಿನಲ್ಲೇ 64 ಅಕ್ಷರಗಳವರೆಗೆ ಸೇರಿಸಲು ಟೆಲಿಗ್ರಾಂ ಅವಕಾಶ ಕೊಡುವುದರಿಂದ ಇದು ಸುಲಭವಾಯಿತು. ಅಷ್ಟಕ್ಕೂ ಜಗ್ಗದವರಿಗಾಗಿ, ಸ್ಕ್ಯಾನ್ ಆದ ಕ್ಷಣದಲ್ಲಿ ಬಾಟ್ ಒಂದು ಭಂಗಿಯನ್ನು ಆರಿಸಿ ಹೇಳುತ್ತದೆ: ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಹಿಂದೆ ಗ್ರಂಥಾಲಯದ ಗಡಿಯಾರ ಕಾಣಬೇಕು. ಆ ಫೋಟೊ ಎಲ್ಲರ ಗುಂಪಿಗೆ ಹೋಗುವುದರಿಂದ ಎದುರಾಳಿ ತಂಡಗಳೇ ಕಣ್ಣಿಟ್ಟು ತಪ್ಪು ಹುಡುಕುತ್ತವೆ, ತೀರ್ಪುಗಾರರ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕೋಡುಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ; ಟ್ಯೂಬ್‌ಲೈಟಿನ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದಲಾರದು. ಆಗಸ್ಟಿನ ತೇವಕ್ಕೆ ಗೋಡೆಯ ಮೇಲೆ ಟೇಪು ನಿಲ್ಲದಿದ್ದರೆ ಮರದ ಬಾಗಿಲಿಗೆ ಪಿನ್ ಹೊಡೆಯುವುದು ವಾಸಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ವಲ್ಪ ಬರೆಯುವ ರೂಢಿ ಇರುವುದರಿಂದ ಬಾಟ್ ನನಗೆ ಹೊರೆಯಾಗಲಿಲ್ಲ. ಆ ರೂಢಿ ಇಲ್ಲದವರಿಗೆ, ಪ್ರೈವೇಟ್ ಖಾತೆಯ ಗೋಳನ್ನು ಸಹಿಸಿಕೊಂಡಾದರೂ, ಇನ್‌ಸ್ಟಾಗ್ರಾಂ ಹತ್ತಿರವಾಗಬಹುದು. ನಮ್ಮ ಮಳೆಗಾಲಕ್ಕೆ ಮಾತ್ರ ಟೆಲಿಗ್ರಾಂಗೆ ಸಾಟಿಯಿಲ್ಲ: ಕರೆಂಟು ಹೋಗಿ, ಬಾಟ್ ನಡೆಸುವ ಹಳೆಯ ಲ್ಯಾಪ್‌ಟಾಪ್ ನಿಂತರೂ, ಬಂದ ಸಂದೇಶಗಳನ್ನು ಟೆಲಿಗ್ರಾಂನ ಸರ್ವರ್ 24 ಗಂಟೆಗಳವರೆಗೆ ಕಾಯ್ದಿಟ್ಟು, ಲ್ಯಾಪ್‌ಟಾಪ್ ಎದ್ದೊಡನೆ ಒಪ್ಪಿಸುತ್ತದೆ. ಕಾಗದ ಮತ್ತು ಮುದ್ರಣದ ಖರ್ಚನ್ನು ಬಿಟ್ಟರೆ ವಿಭಾಗದ ಹಣದಿಂದ ಒಂದು ರೂಪಾಯಿಯನ್ನೂ ಕೇಳಬೇಕಾಗಲಿಲ್ಲ.