ಪ್ರೊಮಿಥಿಯಸ್: ಪದ್ಯ ಇದೆ, ಅರ್ಥ ಇಲ್ಲ

ಕೃಷ್ಣಸಂಧಾನ ಮುರಿದು ಬೀಳುತ್ತದೆ ಎಂದು ಗೊತ್ತಿದ್ದೇ ಉಡುಪಿ, ಮಂಗಳೂರಿನ ಜನ ತಾಳಮದ್ದಳೆಗೆ ಬಂದು ಕೂರುತ್ತಾರೆ. ವಾಲಿ ಸಾಯುತ್ತಾನೆ, ಕರ್ಣನ ರಥದ ಚಕ್ರ ಹೂತುಹೋಗುತ್ತದೆ, ಇದೆಲ್ಲ ಮಕ್ಕಳಿಗೂ ಗೊತ್ತು. ಭಾಗವತರು ಹಾಡುವ ಪದ್ಯವೂ ಹೊಸದಲ್ಲ. ಕೃಷ್ಣ ಯಾವ ಮಾತು ಎತ್ತಿದ, ಕೌರವ ಅದಕ್ಕೆ ಏನು ಜವಾಬು ಕೊಟ್ಟ, ಯಾವ ಗಳಿಗೆಯಲ್ಲಿ ಇನ್ನು ಯುದ್ಧವೇ ಗತಿ ಎಂದಾಯಿತು, ಅದನ್ನು ಕೇಳುವುದಕ್ಕೆ ನಿದ್ದೆ ಬಿಡುತ್ತಾರೆ. ಹಳೆಯ ಚಿತ್ರಕ್ಕೆ ಅದರ ಹಿಂದಿನ ಕಥೆ, ಅಂದರೆ ಪ್ರೀಕ್ವೆಲ್, ಬರೆಯುವವರ ಕೆಲಸವೂ ಇದೇ. ಕೊನೆ ಮೊದಲೇ ತೀರ್ಮಾನವಾಗಿದೆ. ಅಲ್ಲಿಗೆ ಮುಟ್ಟಿಸುವ ಮಾತು, ಕಾರಣ ಮಾತ್ರ ಅವರ ಕೈಯಲ್ಲಿದೆ. 'ಏಲಿಯನ್' ಚಿತ್ರದ ಪ್ರೀಕ್ವೆಲ್ ಆಗಿ ಬಂದ 2012ರ 'ಪ್ರೊಮಿಥಿಯಸ್' ಎಡವಿದ್ದು ಸರಿಯಾಗಿ ಇಲ್ಲೇ.

1979ರ 'ಏಲಿಯನ್' ನೋಡಿದವರಿಗೆ ಆ ಹಾಳುಬಿದ್ದ ನೌಕೆ ಮರೆಯುವುದಿಲ್ಲ. ಕುರ್ಚಿಯಿಂದಲೇ ಬೆಳೆದು ಬಂದಂತೆ ಕಾಣುವ ದೈತ್ಯ ದೇಹ, ಪಳೆಯುಳಿಕೆಯಂತೆ ಗಟ್ಟಿಯಾಗಿದೆ, ಎದೆಗೂಡಿನ ಎಲುಬು ಹೊರಕ್ಕೆ ಬಾಗಿವೆ. ಚಿತ್ರತಂಡದವರು ಅದಕ್ಕೆ ಸ್ಪೇಸ್ ಜಾಕಿ ಎಂದು ಹೆಸರಿಟ್ಟಿದ್ದರು, ಅದು ಯಾರು ಎಂದು ಅಭಿಮಾನಿಗಳು 33 ವರ್ಷ ಕಾದರು. ನಿರ್ದೇಶಕ ರಿಡ್ಲಿ ಸ್ಕಾಟ್ ಅವರೇ ಉತ್ತರ ಹೇಳಲು ಮರಳಿ ಬಂದರು. ಜಾನ್ ಸ್ಪೇಟ್ಸ್ ಬರೆದ ಮೊದಲಿನ ಚಿತ್ರಕಥೆಯ ಹೆಸರು 'ಏಲಿಯನ್: ಇಂಜಿನಿಯರ್ಸ್'. ಅದನ್ನು ಡೇಮನ್ ಲಿಂಡೆಲಾಫ್ ತಿದ್ದಿ ಬರೆದ ಮೇಲೆ ಏಲಿಯನ್ ಹಿಂದೆ ಸರಿದು, ಮನುಷ್ಯನನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಮುಂದೆ ಬಂತು. ಸಿಕ್ಕಿದ ಉತ್ತರ: ಆ ದೈತ್ಯನ ಆನೆಯಂಥ ಮುಖ ಬರೇ ಒಂದು ಶಿರಸ್ತ್ರಾಣ, ಒಳಗಿದ್ದದ್ದು ಎತ್ತರದ ಬಿಳಿಯ ಬೋಳುತಲೆಯ ಮನುಷ್ಯ. ನಮ್ಮನ್ನು ಮಾಡಿದ ಇವರಿಗೆ ಚಿತ್ರ ಇಟ್ಟ ಹೆಸರು ಇಂಜಿನಿಯರ್; ಇವರನ್ನು ಹುಡುಕಿ ಹೊರಟ ನೌಕೆಯ ಹೆಸರೇ ಪ್ರೊಮಿಥಿಯಸ್. ಹಳೆಯ ಚಿತ್ರದ ದೇಹ ಕಣ್ಣಳತೆಗೇ ಇದಕ್ಕಿಂತ ತುಂಬ ದೊಡ್ಡದು ಎಂಬ ತಕರಾರು ಅಂದಿನಿಂದ ಇಂದಿನವರೆಗೂ ಇದೆ. ಅದನ್ನು ಹೇಗೋ ನುಂಗಿಕೊಳ್ಳಬಹುದು.

ಒಳ್ಳೆಯದನ್ನು ಮೊದಲು ಹೇಳಿಬಿಡಬೇಕು. ಐಸ್‌ಲ್ಯಾಂಡಿನ ಜಲಪಾತದ ಮೇಲೆ ತೆರೆಯುವ ಮೊದಲ ದೃಶ್ಯ ದೊಡ್ಡ ಪರದೆಗೆಂದೇ ಮಾಡಿದ್ದು. ಮೈಕೆಲ್ ಫಾಸ್‌ಬೆಂಡರ್ ಅವರ ಡೇವಿಡ್ ಎಂಬ ಯಂತ್ರಮಾನವ ಇಡೀ ಚಿತ್ರದಲ್ಲಿ ಪೂರ್ತಿ ಬರೆದ ಒಂದೇ ಪಾತ್ರ. ಬಿಲಿಯರ್ಡ್ಸ್ ಮೇಜಿನ ಹತ್ತಿರ ಅವನು ವಿಜ್ಞಾನಿ ಹಾಲೊವೇಗೆ, ಉತ್ತರಕ್ಕಾಗಿ ನೀನು ಎಲ್ಲಿಯವರೆಗೆ ಹೋಗುತ್ತೀ ಎಂದು ಕೇಳುತ್ತಾನೆ. ಏನು ಬೇಕಾದರೂ ಮಾಡುತ್ತೇನೆ ಎಂದು ಹಾಲೊವೇ ಹೇಳಿದ ಮೇಲೆಯೇ ಡೇವಿಡ್‌ನ ಬೆರಳ ತುದಿಯಲ್ಲಿದ್ದ, ಗುಹೆಯಲ್ಲಿ ಸಿಕ್ಕಿದ ಕಪ್ಪು ದ್ರವದ ಹನಿ ಹಾಲೊವೇಯ ಗ್ಲಾಸಿಗೆ ಬೀಳುತ್ತದೆ. ಒಂದು ಪ್ರಶ್ನೆ, ಒಂದು ಉತ್ತರ, ಅದರಿಂದಲೇ ಹುಟ್ಟಿದ ಒಂದು ಕೃತ್ಯ. ತಾಳಮದ್ದಳೆಯಲ್ಲಿ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಗಾರಿಕೆ ಎಂದರೆ ಇದು. ಉಳಿದ ಸಿಬ್ಬಂದಿಗೆ ಹೀಗೆ ಒಂದು ನಿಮಿಷವನ್ನೂ ಕೊಟ್ಟಿಲ್ಲ ಎಂಬುದೇ ಸಂಕಟ.

ಫೈಫೀಲ್ಡ್ ಭೂವಿಜ್ಞಾನಿ. ಗುಹೆಯ ನಕ್ಷೆ ತೆಗೆಯುವ ಹಾರುವ ಗೋಲಗಳು ಅವನವೇ. ನಕ್ಷೆ ನೌಕೆಯ ಪರದೆಯಲ್ಲಿ ಕಣ್ಣೆದುರೇ ಮೂಡುತ್ತಿದೆ, ಕ್ಯಾಪ್ಟನ್ ಜಾನೆಕ್ ರೇಡಿಯೋದಲ್ಲಿ ಸಿಗುತ್ತಾನೆ. ಆದರೂ ಎಲ್ಲರಿಗಿಂತ ಮೊದಲು ಹೊರಟ ಇವನೇ ದಾರಿ ತಪ್ಪುತ್ತಾನೆ! ಮಲ್ಪೆಯಿಂದ ಐಸು, ಡೀಸೆಲ್ ತುಂಬಿಸಿಕೊಂಡು ಆಳಸಮುದ್ರಕ್ಕೆ ಹೋಗುವ ಬೋಟಿನ ತಂಡೇಲನ ಕೈಯಲ್ಲಿ ಜಿಪಿಎಸ್ ಇದೆ, ವಯರ್‌ಲೆಸ್ ಇದೆ. ಅವನು ದಾರಿ ತಪ್ಪಿದ ಎಂದು ಬರೆಯಬೇಕಾದರೆ ಬರೆಯುವವರು ಮೊದಲು ಆ ಜಿಪಿಎಸ್ ಕೆಡಿಸಬೇಕು. ಇಲ್ಲಿ ಬಿರುಗಾಳಿಯೊಂದು ಬರುವುದರಲ್ಲಿತ್ತು. ನಕ್ಷೆಯ ಸಂಪರ್ಕ ಅದರಲ್ಲಿ ಕಡಿದುಹೋಯಿತು ಎಂದು ಒಂದು ಸಾಲು ಹಾಕಿದ್ದರೆ ಸಾಕಿತ್ತು. ಅದರ ಬದಲು, ಜೀವಿ ಇದೆ ಎಂಬ ಸಂಕೇತ ಪರದೆಯಲ್ಲಿ ಬಂದ ಮೇಲೂ ಜಾನೆಕ್ ಕಾವಲು ಬಿಟ್ಟು ಎದ್ದು ಹೋಗುತ್ತಾನೆ. ಇಬ್ಬರು ಸಾಯಬೇಕಿತ್ತು, ಅದಕ್ಕೆ ಮೂವರ ಬುದ್ಧಿ ಕಿತ್ತರು.

ಮಿಲ್‌ಬರ್ನ್ ಜೀವಶಾಸ್ತ್ರಜ್ಞ. ಭೂಮಿಯ ಆಚೆಯ ಮೊದಲ ಶವ ಕಣ್ಣೆದುರು ಬಿದ್ದಿರುವಾಗ ಅದನ್ನು ಮುಟ್ಟಿಯೂ ನೋಡದೆ ಫೈಫೀಲ್ಡ್ ಜತೆ ಹೊರಟುಬಿಡುತ್ತಾನೆ. ಅದೇ ಮನುಷ್ಯ ಕೆಲವು ಗಂಟೆ ಬಿಟ್ಟು, ಕಪ್ಪು ದ್ರವದಿಂದ ಎದ್ದ ಬಿಳಿ ಹಾವಿನಂಥ ಪ್ರಾಣಿ ಹೆಡೆ ಬಿಚ್ಚಿ ನಿಂತಾಗ ನಾಯಿಮರಿಯನ್ನು ಕರೆದ ಹಾಗೆ ಕೈ ಚಾಚುತ್ತಾನೆ. ಹೆಡೆ ಅಗಲಿಸಿ, ತಲೆ ಎತ್ತಿ, ಸುಮ್ಮನೆ ತೂಗಿದರೆ ಅದು ಎಚ್ಚರಿಕೆ ಎಂದು ನಾಗಬನದ ಪಕ್ಕ ಬೆಳೆದ ಮಗುವಿಗೂ ಗೊತ್ತು. ಕೈ ಮುಗಿಯುವುದಾದರೂ ದೂರದಿಂದಲೇ. ವಿಷಾದ ಏನೆಂದರೆ, ಇದಕ್ಕೆ ಕಾರಣ ಬರೆದಿದ್ದರು, ಚಿತ್ರೀಕರಿಸಿಯೂ ಇದ್ದರು. ಮಿಲ್‌ಬರ್ನ್ ಅದೇ ಗುಹೆಯಲ್ಲಿ ಒಂದು ಸಣ್ಣ ಹುಳುವನ್ನು ಕಂಡು, ಮೊದಲ ಜೀವಿ ಸಿಕ್ಕಿತು ಎಂದು ಕುಣಿದಾಡುವ ದೃಶ್ಯ ಬ್ಲೂ-ರೇಯ ಡಿಲೀಟೆಡ್ ಸೀನ್‌ಗಳಲ್ಲಿ ಇದೆ. ಅದು ಇದ್ದಿದ್ದರೆ ಹೆಡೆಯ ಎದುರು ಚಾಚಿದ ಕೈ ಉತ್ಸಾಹದ ಕೈ ಎಂದು ಗೊತ್ತಾಗುತ್ತಿತ್ತು. ಕತ್ತರಿ ಬಿದ್ದ ಮೇಲೆ ಉಳಿದದ್ದು ಪೆದ್ದುತನ.

ಲೆಕ್ಕದ ತಪ್ಪುಗಳೂ ಕಡಿಮೆ ಇಲ್ಲ. ನೌಕೆ ಭೂಮಿಯಿಂದ 3.27×10^14 ಕಿ.ಮೀ. ದೂರದಲ್ಲಿದೆ ಎಂದು ಪರದೆಯಲ್ಲಿ ಅಕ್ಷರ ಬರುತ್ತದೆ, ಅಂದರೆ ಸುಮಾರು 34.5 ಜ್ಯೋತಿರ್ವರ್ಷ. ಯಾತ್ರೆಯ ಮೇಲ್ವಿಚಾರಕಿ ವಿಕರ್ಸ್ ಬಾಯಲ್ಲಿ ಮಾತ್ರ ಅದು 50 ಕೋಟಿ ಮೈಲಿ. ಅಷ್ಟು ದೂರಕ್ಕೆ ನಮ್ಮ ಗುರುಗ್ರಹದ ಆಸುಪಾಸಿಗೆ ಮುಟ್ಟಬಹುದು, ಸೌರಮಂಡಲವನ್ನೇ ದಾಟುವುದಿಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 3 ಮೀರಿದೆ, ಎರಡು ನಿಮಿಷದಲ್ಲಿ ಸಾವು ಎನ್ನುತ್ತಾರೆ. ನಿಜವಾಗಿ ಶೇ. 3ಕ್ಕೆ ತಲೆನೋವು, ಏದುಸಿರು ಬರುತ್ತದೆ; ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಲು ಶೇ. 10ರ ಹತ್ತಿರ ಬೇಕು. ಗುಹೆಯೊಳಗೆ ಹೆಲ್ಮೆಟ್ ತೆಗೆದ ವಿಷಯದಲ್ಲೂ ಗಾಳಿಯ ಮಾತು ಆಡಿದರೇ ಹೊರತು ರೋಗಾಣುವಿನ ಮಾತು ಯಾರೂ ಎತ್ತಲಿಲ್ಲ.

ಹೊಟ್ಟೆಯಲ್ಲಿ ಬೆಳೆದ ಅನ್ಯಜೀವಿಯನ್ನು ಹಾಲೊವೇಯ ಸಂಗಾತಿ, ವಿಜ್ಞಾನಿ ಶಾ ಯಂತ್ರದಲ್ಲಿ ಮಲಗಿ ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಯ ದೃಶ್ಯ ಭಯಾನಕ, ಅಷ್ಟೇ ಜಾಣತನದ್ದು. ವಿಕರ್ಸ್ ಎಂಬ ಮಹಿಳೆ ಇರುವ ಕೋಣೆಯ ಯಂತ್ರ ಗಂಡಸರಿಗೆ ಮಾತ್ರ ಹೊಂದಿಸಿದ್ದು ಯಾಕೆ? ಯಾತ್ರೆಗೆ ದುಡ್ಡು ಹಾಕಿದ ಮುದುಕ ವೇಲ್ಯಾಂಡ್ ನೌಕೆಯಲ್ಲೇ ಅಡಗಿದ್ದಾನೆ ಎಂಬುದಕ್ಕೆ ಅದೇ ಸುಳಿವು. ಕೆಟ್ಟದ್ದು ಆಮೇಲೆ. ಹೊಟ್ಟೆ ಸೀಳುವುದೆಂದರೆ ಚರ್ಮ, ಕೊಬ್ಬು, ಸ್ನಾಯುವಿನ ಹೊದಿಕೆ, ಒಳಪೊರೆ, ಹೀಗೆ ಪದರ ಪದರ; ಮೇಲಿನ ಚರ್ಮಕ್ಕೆ ಲೋಹದ ಪಿನ್ನು ಹೊಡೆದರೆ ಒಳಗಿನದ್ದು ಕೂಡುವುದಿಲ್ಲ. ಸಿಸೇರಿಯನ್ ಆದವರಿಗೆ ವಾರಗಟ್ಟಲೆ ಭಾರ ಎತ್ತಬೇಡಿ ಎಂದು ಮಣಿಪಾಲದ ವೈದ್ಯರಾದರೂ ಹೇಳಿಯೇ ಕಳಿಸುತ್ತಾರೆ. ಶಾ ಓಡುತ್ತಾಳೆ, ಹಾರುತ್ತಾಳೆ. ನೋವಿನ ಇಂಜೆಕ್ಷನ್ ಚುಚ್ಚಿಕೊಳ್ಳುವುದನ್ನು ತೋರಿಸಿದ್ದಾರೆ, ಆಗಲಿ. ಆದರೆ ರಕ್ತ ಮೆತ್ತಿಕೊಂಡು ಬಂದವಳನ್ನು ಕಂಡು ಡೇವಿಡ್ ಒಂದು ಮಾತು ಆಡುತ್ತಾನೆ, ಉಳಿದವರು ಏನಾಯಿತು ಎಂದು ಕೇಳುವುದೇ ಇಲ್ಲ. ಯಂತ್ರದ ಕೋಣೆಯಲ್ಲಿ ಬಿಟ್ಟು ಬಂದ ಜೀವಿಯ ಸುದ್ದಿಯನ್ನು ಅವಳೂ ಹೇಳುವುದಿಲ್ಲ. ಪ್ರೇಕ್ಷಕ ಉಸಿರು ಬಿಗಿಹಿಡಿದು ನೋಡಿದ್ದನ್ನು ಕಥೆಯೊಳಗಿನವರು ಲೆಕ್ಕಕ್ಕೇ ಹಿಡಿಯದಿದ್ದರೆ ಆ ಉಸಿರಿಗೆ ಬೆಲೆ ಏನು?

ಎಲ್ಲಕ್ಕಿಂತ ದೊಡ್ಡ ನಷ್ಟ ಕೊನೆಯ ಭೇಟಿಯಲ್ಲಿ. ಚಿತ್ರದ ಆರಂಭದಲ್ಲಿ ಡೇವಿಡ್ ಒಂದು ಹಳೆಯ ಭಾಷೆ ಕಲಿಯುತ್ತಾನೆ. ಅವನಿಗೆ ಪಾಠವಾಗುವುದು ಜರ್ಮನ್ ಪಂಡಿತ ಆಗಸ್ಟ್ ಶ್ಲೈಖರ್ 1868ರಲ್ಲಿ ಮೂಲ ಇಂಡೋ-ಯುರೋಪಿಯನ್ ಭಾಷೆ ಹೀಗಿದ್ದಿರಬಹುದು ಎಂದು ಕಟ್ಟಿದ ಕುರಿ ಮತ್ತು ಕುದುರೆಗಳ ಕಥೆ. ಸಂಸ್ಕೃತ ಓದಿದವರು ಕಿವಿಗೊಟ್ಟರೆ 'ಅವಿ', 'ಅಶ್ವ'ಗಳ ದೂರದ ನೆಂಟರು ಕೇಳಿಸುತ್ತಾರೆ. ಇಷ್ಟು ಶ್ರದ್ಧೆಯಿಂದ ಬೀಜ ಬಿತ್ತಿ, ಎರಡು ಸಾವಿರ ವರ್ಷದ ನಿದ್ದೆಯಿಂದ ಇಂಜಿನಿಯರ್ ಎದ್ದು ನಿಂತಾಗ ಡೇವಿಡ್ ಆ ಭಾಷೆಯಲ್ಲಿ ಮಾತಾಡುತ್ತಾನೆ. ಸಬ್‌ಟೈಟಲ್ ಇಲ್ಲ! ಆ ಸಾಲು ರಚಿಸಿದ ಭಾಷಾತಜ್ಞ ಅನಿಲ್ ಬಿಲ್ಟೂ ಅದರ ಅರ್ಥವನ್ನು ಆಮೇಲೆ ಹೊರಗೆ ಹೇಳಬೇಕಾಯಿತು: ಈ ಮನುಷ್ಯನಿಗೆ (ಅಂದರೆ ವೇಲ್ಯಾಂಡ್‌ಗೆ) ಸಾಯಲು ಇಷ್ಟವಿಲ್ಲ, ನೀನು ಆಯುಸ್ಸು ಕೊಡಬಲ್ಲೆ ಎಂದು ನಂಬಿ ಬಂದಿದ್ದಾನೆ, ಎಂಬರ್ಥದ ಮಾತು. ನಮ್ಮನ್ನು ಯಾಕೆ ದ್ವೇಷಿಸುತ್ತೀರಿ ಎಂದು ಕೂಗಿದ ಶಾಗೆ ಪೆಟ್ಟು ಬೀಳುತ್ತದೆ. ಇಂಜಿನಿಯರ್ ಒಂದು ಮಾತೂ ಆಡದೆ ಡೇವಿಡ್‌ನ ತಲೆ ಕೀಳುತ್ತಾನೆ. ಅವನು ಮಾತಾಡುವ ಉದ್ದದ ದೃಶ್ಯವೂ ಡಿಸ್ಕಿನಲ್ಲಿ ಉಳಿದುಕೊಂಡಿದೆ. ಸಂಧಾನದಲ್ಲಿ ಕೃಷ್ಣ ಸಭೆಗೆ ಬಂದ, ಕೌರವ ಎದ್ದು ಹೊಡೆದ ಎಂದು ಮುಗಿಸಿದ ಹಾಗಾಯಿತು. ಸೃಷ್ಟಿಕರ್ತ ಮುನಿದದ್ದು ಯಾಕೆ ಎಂಬುದಕ್ಕೆ 124 ನಿಮಿಷ ಕಾದವರಿಗೆ ಆ ಒಂದು ಸಂಭಾಷಣೆ ಸಲ್ಲಬೇಕಿತ್ತು.

ಮುಂದಿನ ಚಿತ್ರದಲ್ಲಾದರೂ ಸಿಗಬಹುದು ಎಂದು ಕಾದವರಿಗೆ 2017ರ 'ಏಲಿಯನ್: ಕವೆನಂಟ್' ಇನ್ನೂ ನೋವು ಕೊಟ್ಟಿತು. ಅದೇ ಪ್ರಶ್ನೆ ಹೊತ್ತು ಇಂಜಿನಿಯರ್‌ಗಳ ಲೋಕಕ್ಕೆ ಹೊರಟಿದ್ದ ಶಾ ಈ ಚಿತ್ರ ಆರಂಭವಾಗುವ ಮೊದಲೇ ಸತ್ತಿದ್ದಾಳೆ. ಅವಳ ಪ್ರಯಾಣ 'ದಿ ಕ್ರಾಸಿಂಗ್' ಎಂಬ ಪ್ರಚಾರದ ಕಿರುಚಿತ್ರಕ್ಕೆ ಹೋಯಿತು. ಇಂಜಿನಿಯರ್‌ಗಳ ಊರಿಗೆ ಊರೇ ಒಂದು ಫ್ಲ್ಯಾಶ್‌ಬ್ಯಾಕಿನಲ್ಲಿ ನಾಶ. ಏಲಿಯನ್ನನ್ನು ಡೇವಿಡ್ ರೂಪಿಸಿದ ಎಂದಾದರೆ 1979ರ ಆ ಪಳೆಯುಳಿಕೆಯ ಎದೆ ಒಡೆದದ್ದು ಯಾವುದು? ಹೆಲ್ಮೆಟ್ ಇಲ್ಲಿಯೂ ಇಲ್ಲ. ತನ್ನ ಸಿಬ್ಬಂದಿಯನ್ನು ಕೊಂದ ಪ್ರಾಣಿಯ ಎದುರು ಡೇವಿಡ್ ಪ್ರೀತಿಯಿಂದ ನಿಂತದ್ದನ್ನು ಕಂಡ ಕ್ಯಾಪ್ಟನ್, ಅದೇ ಡೇವಿಡ್ ಹೇಳಿದನೆಂದು ಮೊಟ್ಟೆಯೊಳಗೆ ಬಗ್ಗಿ ನೋಡುತ್ತಾನೆ.

ಈ ಕಸುಬು ಆಗದ್ದೇನೂ ಅಲ್ಲ. 1977ರ 'ಸ್ಟಾರ್ ವಾರ್ಸ್'ನಲ್ಲಿ ಚಂದ್ರನಷ್ಟು ದೊಡ್ಡದೆಂದು ಕಂಡ ಡೆತ್ ಸ್ಟಾರ್ ಎಂಬ ಯುದ್ಧನೆಲೆ ಎರಡು ಮೀಟರ್ ಅಗಲದ ಒಂದು ತೂತಿನಿಂದ ಸ್ಫೋಟಿಸಿತು. ಅಂಥ ತೂತು ಯಾಕಿತ್ತು ಎಂದು ಜನ ಕೇಳುತ್ತಲೇ ಇದ್ದರು. 2016ರ 'ರೋಗ್ ಒನ್' ಉತ್ತರ ಕೊಟ್ಟಿತು: ಹೆಂಡತಿಯನ್ನು ಕೊಂದು, ಬಲವಂತದಿಂದ ಕೆಲಸಕ್ಕೆ ಹಚ್ಚಿದವರ ಮೇಲೆ ಒಬ್ಬ ವಿಜ್ಞಾನಿ ರಿಯಾಕ್ಟರಿನಲ್ಲೇ ಬೇಕೆಂದು ದೌರ್ಬಲ್ಯ ಇಟ್ಟ. ಹಳೆಯ ಚಿತ್ರದ ಒಂದು ಚೌಕಟ್ಟೂ ಅಲುಗಲಿಲ್ಲ, ತೂತಿಗೆ ಒಬ್ಬ ಅಪ್ಪ ಸಿಕ್ಕಿದ. ಅದೇ ಸರಣಿಯ 2005ರ ಚಿತ್ರ ಮಾತ್ರ ನಾಯಕಿ ಲೇಯಾಳ ತಾಯಿ ಪದ್ಮೆಯನ್ನು ಹೆರಿಗೆಯಲ್ಲೇ ಸಾಯಿಸಿತು. 1983ರ ಚಿತ್ರದಲ್ಲಿ ಲೇಯಾ ತಾಯಿಯ ಮಸುಕು ನೆನಪು ಹೇಳಿದ್ದು ಗಾಳಿಗೆ ಹೋಯಿತು.

'ಪ್ರೊಮಿಥಿಯಸ್' ನೋಡುವುದಾದರೆ ಬರೇ ಓಟಿಟಿಯಲ್ಲಿ ನೋಡಿ ಬಿಡಬೇಡಿ. ಡಿಲೀಟೆಡ್ ಸೀನ್ ಇರುವ ಬ್ಲೂ-ರೇ ಹುಡುಕಿ. 'ದಿ ಫ್ಯೂರಿಯಸ್ ಗಾಡ್ಸ್' ಎಂಬ ಮೂರೂವರೆ ಗಂಟೆ ದಾಟುವ ತಯಾರಿಕೆಯ ಸಾಕ್ಷ್ಯಚಿತ್ರ ಇರುವ ಆವೃತ್ತಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊದಲು 1979ರದ್ದು. ಆಮೇಲೆ ಇದು. ಫೈಫೀಲ್ಡ್, ಮಿಲ್‌ಬರ್ನ್ ಗುಂಪು ಬಿಟ್ಟು ಹೊರಟಲ್ಲಿ ನಿಲ್ಲಿಸಿ ಹುಳುವಿನ ದೃಶ್ಯ ನೋಡಿ ಮುಂದುವರಿಯಿರಿ. ಇಂಜಿನಿಯರ್ ಎದ್ದು ನಿಂತ ಕೂಡಲೇ ಇನ್ನೊಮ್ಮೆ ನಿಲ್ಲಿಸಿ, ಅವನು ಮಾತಾಡುವ ಉದ್ದದ ಆವೃತ್ತಿ ಹಾಕಿ, ತಲೆ ಕೀಳುವ ಗಳಿಗೆಗೆ ಸರಿಯಾಗಿ ಮೂಲ ಚಿತ್ರಕ್ಕೆ ಮರಳಿ.